ಕ್ರೇನಿನವನ ಕರುಳು

ಗುಲಾಬಿ ಬಣ್ಣ, ಕರುಳಿಗೆ ಯಾರಾದರೂ ಗುಲಾಬಿ ಬಣ್ಣ ಬಳಿಯುತ್ತಾರೆಯೇ, ಎದುರು ಗೋಡೆಯ ಆ ಚಿತ್ರ ಬರೆದ ಮಹಾನುಭಾವನಿಗೆ ಹೊಟ್ಟೆ ಎನ್ನುವುದೊಂದು ಇದ್ದಿರಲಿಕ್ಕಿಲ್ಲ, ಇದ್ದರೂ ಜೀವಮಾನದಲ್ಲಿ ಒಮ್ಮೆಯೂ ಕೆಟ್ಟಿರಲಿಕ್ಕಿಲ್ಲ, ಎಷ್ಟು ಚೊಕ್ಕವಾಗಿ ಸುತ್ತಿಟ್ಟಿದ್ದಾನೆ, ಒಂದು ಗಂಟಿಲ್ಲ, ಒಂದು ಸೆಳೆತವಿಲ್ಲ, ಕೆಳಗೆ ದಪ್ಪ ಅಕ್ಷರದಲ್ಲಿ ನಿಮ್ಮ ಕರುಳು ನಿಮ್ಮ ಗೆಳೆಯ ಎಂದು ಬೇರೆ — ಗೆಳೆಯನಂತೆ ಗೆಳೆಯ, ಇಂಥ ಗೆಳೆಯ ಹಗೆಗೂ ಬೇಡ, ಎಂದುಕೊಂಡು ಅವನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಹಿಂದಕ್ಕೆ ಸರಿದು ಕೂತ, ಕುರ್ಚಿ ಕಿರುಗುಟ್ಟಿತು, ಪಕ್ಕದ ಮುದುಕ ತಿರುಗಿ ನೋಡಿದ, ನೋಡಲಿ, ಕೆಮ್ಮುತ್ತಾನೆ, ಕೆಮ್ಮಿ ಕರವಸ್ತ್ರ ಬಿಚ್ಚಿ ಏನು ಬಂತೆಂದು ನೋಡಿಕೊಳ್ಳುತ್ತಾನೆ, ಮಡಿಸುತ್ತಾನೆ, ಮತ್ತೆ ಬಿಚ್ಚುತ್ತಾನೆ, ಎರಡನೇ ಸಲಕ್ಕೆ ಚಿನ್ನ ಬಂದಿರುತ್ತದೇನೋ, ಆಚೆ ಒಬ್ಬ ಮಹಾತಾಯಿ ತನ್ನ ಮಂಡಿನೋವಿನ ಪುರಾಣವನ್ನು ಫೋನಿನಲ್ಲಿ ಒಪ್ಪಿಸುತ್ತಿದ್ದಾಳೆ, ಫೋನಿನ ಆ ತುದಿಯಲ್ಲಿರುವವರಿಗಿಂತ ಇಲ್ಲಿ ಕೂತವರಿಗೇ ಹೆಚ್ಚು ಕೇಳಿಸಲಿ ಎಂಬ ಆಸೆ, ಬಾಗಿಲ ಹತ್ತಿರ ಟೈ ಕಟ್ಟಿಕೊಂಡ ಔಷಧಿ ಕಂಪನಿಯವನೊಬ್ಬ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕಂಡವರಿಗೆಲ್ಲ ಹಲ್ಲು ಕಿರಿಯುತ್ತಾನೆ — ಏನು ಮುಖಗಳಪ್ಪ, ಇಷ್ಟು ಹತ್ತಿರದಿಂದ ಮನುಷ್ಯರ ಮುಖ ನೋಡಿ ಅವನಿಗೆ ಅಭ್ಯಾಸವಿಲ್ಲ, ಅವನು ಜನರನ್ನು ನೋಡುವುದು ಮೇಲಿನಿಂದ, ಟವರ್ ಕ್ರೇನಿನ ಗಾಜಿನ ಕ್ಯಾಬಿನ್ನಿನಿಂದ, ಅಲ್ಲಿಂದ ಯಾರಿಗೂ ಮುಖವಿಲ್ಲ, ಬರೀ ಹೆಲ್ಮೆಟ್ಟುಗಳು, ಕೂಲಿಯವರದು ಹಳದಿ, ಕರೆಂಟಿನವರದು ನೀಲಿ, ಇಂಜಿನಿಯರುಗಳದು ಬಿಳಿ, ಬಿಳಿ ಎಲ್ಲಿ ನಿಂತಿದೆಯೋ ಅಲ್ಲಿ ಕೆಲಸ ನಿಂತಿದೆ ಎಂದರ್ಥ, ಅಷ್ಟು ತಿಳಿದರೆ ಸಾಕು, ಮುಖ ನೋಡಿ ಆಗಬೇಕಾದದ್ದೇನಿದೆ. ಇವತ್ತು ಅರ್ಧ ದಿನದ ರಜೆ, ಮಧ್ಯಾಹ್ನ ಸ್ಲ್ಯಾಬು ಹಾಕುವುದಿದೆ, ಅಷ್ಟರೊಳಗೆ ಹೋಗಿ ಏಣಿ ಹತ್ತಬೇಕು, ಈ ಡಾಕ್ಟರಮ್ಮ ಗುಳಿಗೆ ಬರೆದುಕೊಟ್ಟರೆ ಸಾಕು, ಮಾತು ಬೇಡ.

ಆದರೆ ಮಾತೆಂದರೆ ಆಕೆಗೆ ಪ್ರಾಣ. ಮೊದಲ ಸಲ ಬಂದಾಗ ಎಷ್ಟು ಮಾತಾಡಿಸಿದಳು, ಹೊಟ್ಟೆ ಮುಟ್ಟುವ ಮೊದಲೇ ಮಾತು, ಅದಕ್ಕಿಂತ ಹಿಂದೆ ಅವನು ಕಂಡ ಡಾಕ್ಟರುಗಳೇ ವಾಸಿ, ಒಬ್ಬ ಗ್ಯಾಸ್ ಅಂದ, ಒಬ್ಬ ಹುಳ ಅಂದ, ಇನ್ನೊಬ್ಬ ತಲೆ ಎತ್ತದೆ ಎಲ್ಲ ಮನಸ್ಸಿಂದು ಕಣ್ರೀ, ಟೆನ್ಶನ್ ಮಾಡ್ಕೋಬೇಡಿ ಅಂದ, ಟೆನ್ಶನ್ ಮಾಡಿಕೊಳ್ಳಬೇಡವಂತೆ, ಅವನನ್ನು ಒಂದು ಬೆಳಗ್ಗೆ ಆ ಕ್ಯಾಬಿನ್ನಿನಲ್ಲಿ ಕೂರಿಸಬೇಕಿತ್ತು, ಕೊಕ್ಕೆಯಲ್ಲಿ ಒಂದು ಹೊರೆ ಕಬ್ಬಿಣದ ಸರಳು ನೇತಾಡುತ್ತಿರುವಾಗ ಹೊಟ್ಟೆಯೊಳಗೆ ಯಾರೋ ಬಟ್ಟೆ ಹಿಂಡಿದ ಹಾಗೆ ಹಿಂಡಬೇಕಿತ್ತು, ಹಣೆಯಲ್ಲಿ ತಣ್ಣನೆ ಬೆವರು, ಸರಳು ಇಳಿಸುವ ತನಕ ತಡೆಯಬೇಕು, ಇಳಿಸಿ ಕೆಳಗೆ ಹೋಗುತ್ತೇನೆ ಎಂದು ವಾಕಿಟಾಕಿಯಲ್ಲಿ ಹೇಳಬೇಕು, ಹೇಳಿದರೆ ಇಡೀ ಸೈಟಿಗೆ ಕೇಳುತ್ತದೆ, ಏನ್ ಯಜಮಾನ್ರೇ ಮತ್ತೆ ಇಳಿತೀರಾ ಎಂದು ಯಾವನೋ ನಗುತ್ತಾನೆ, ಆಮೇಲೆ ಏಣಿ, ಒಂದಾದ ಮೇಲೆ ಒಂದು ಏಣಿ, ನಡುವೆ ನಡುವೆ ಕಬ್ಬಿಣದ ಜಾಲರಿಯ ಕಟ್ಟೆ, ಪ್ರತಿ ಕಟ್ಟೆಯಲ್ಲೂ ನಿಂತು ಕಾಲಿಗೆ ಕಾಲು ಹೆಣೆದು ಕಂಬಿ ಹಿಡಿದು ಉಸಿರು ಬಿಗಿಹಿಡಿದು, ಇಳಿದು ಹೋದರೆ ತಗಡಿನ ಕಕ್ಕಸಿನ ಮುಂದೆ ಪ್ಲಾಸ್ಟರಿನವರ ಸಾಲು, ಬಿಡ್ರೋ ಎಂದರೆ ಬಿಡುತ್ತಾರೆ, ಹಲ್ಲು ಕಿರಿದುಕೊಂಡು ಬಿಡುತ್ತಾರೆ. ಇನ್ನೊಂದು ಹೊರೆ ಏರುವಷ್ಟರಲ್ಲಿ ಮತ್ತೆ ಹಿಂಡು. ವರ್ಷಾನುಗಟ್ಟಲೆ ಅವನು ಬೆಳಗ್ಗೆ ಏನೂ ತಿನ್ನದೆ, ನೀರೂ ಕುಡಿಯದೆ ಹತ್ತಿದ್ದಾನೆ, ಹೊಟ್ಟೆಯಲ್ಲಿ ಏನೂ ಇಲ್ಲದಿದ್ದರೆ ಅದು ಹೊರಹಾಕುವುದಾದರೂ ಏನನ್ನು ಎಂಬ ಲೆಕ್ಕ, ಅದಕ್ಕೆ ಲೆಕ್ಕ ಬರುವುದಿಲ್ಲ, ಖಾಲಿ ಇದ್ದರೂ ಹಿಂಡುತ್ತದೆ, ಸಂಜೆ ಮನೆಗೆ ಬಂದು ಎರಡು ಆಳಿನಷ್ಟು ಉಂಡರೆ ಬೆಳಗಾಗುವಷ್ಟರಲ್ಲಿ ಅದಕ್ಕೂ ಲೆಕ್ಕ ಒಪ್ಪಿಸುತ್ತದೆ.

ಡಾಕ್ಟರಮ್ಮ ಕೇಳಿದಳು, ಎಷ್ಟು ದಿವಸದಿಂದ, ನೋವು ಬಂದಾಗ ಹೋಗಿಬಂದ್ರೆ ಕಡಿಮೆ ಆಗುತ್ತಾ, ಗಟ್ಟಿನಾ ನೀರಾ, ರಕ್ತ ಕಂಡಿದ್ದೀರಾ, ತೂಕ ಇಳಿದಿದೆಯಾ, ನಿದ್ದೆಯಿಂದ ಎಬ್ಬಿಸುತ್ತಾ, ಮನೇಲಿ ಯಾರಿಗಾದ್ರೂ ಕರುಳಿನ ಕ್ಯಾನ್ಸರ್ ಇತ್ತಾ — ಮಗಳ ವಯಸ್ಸಿನ ಹೆಂಗಸು, ನಾಚಿಕೆಯಿಲ್ಲದೆ ಗಟ್ಟಿನಾ ನೀರಾ ಎಂದು ಕೇಳುತ್ತಾಳೆ, ತರಕಾರಿಯವನ ಹತ್ತಿರ ಟೊಮೆಟೊ ಹಣ್ಣಾ ಕಾಯಾ ಎಂದು ಕೇಳುವಷ್ಟು ಸಲೀಸಾಗಿ, ಅವನು ಗೋಡೆಗೆ ಉತ್ತರ ಕೊಟ್ಟ. ಏನು ಕೆಲಸ ಮಾಡ್ತೀರಿ ಎಂದು ಕೇಳಿದಳು. ಆಗ ಅವನ ಕಣ್ಣಿಗೆ ಬಂದದ್ದು ಹಿಂದಿನ ಕ್ರೇನಿನವನು, ಎಂಥ ಕೈ ಅವನದು, ಸಕ್ಕರೆ ಕಾಯಿಲೆ ಎಂದು ಯಾವನೋ ಡಾಕ್ಟರು ಒಂದು ಸಾಲು ಬರೆದದ್ದೇ ತಡ, ಕಂಪನಿ ಅವನನ್ನು ಕೆಳಗಿಳಿಸಿ ಗೇಟಿನಲ್ಲಿ ಸ್ಟೂಲು ಹಾಕಿ ಕೂರಿಸಿತು, ಸೈಟು ನೋಡಲು ಬಂದವರಿಗೆ ಹೆಲ್ಮೆಟ್ ಕೊಡುವುದು, ಹೋಗುವಾಗ ಇಸಿದುಕೊಳ್ಳುವುದು, ಬಟ್ಟೆಯಲ್ಲಿ ಒರೆಸಿಡುವುದು, ಈಗಲೂ ಅಲ್ಲೇ ಇದ್ದಾನೆ, ನಮಸ್ಕಾರ ಸಾರ್ ಎನ್ನುತ್ತಾನೆ, ಕ್ರೇನಿನ ತೋಳು ತಿರುಗಿದಾಗಲೆಲ್ಲ ತಲೆ ಎತ್ತಿ ನೋಡುತ್ತಾನೆ — ಸ್ಟೋರಿನಲ್ಲಿ ಲೆಕ್ಕ ಬರಿಯೋದು ಮೇಡಂ, ಎಂದುಬಿಟ್ಟ ಅವನು. ಹೌದಾ, ಕೂತೇ ಇರೋ ಕೆಲಸ, ಎಂದಳು. ಹೌದು, ಕೂತೇ ಇರೋದು. ಅದರಲ್ಲಿ ಸುಳ್ಳೇನಿಲ್ಲ.

ರಕ್ತ ತೆಗೆದರು, ಒಂದು ಡಬ್ಬಿ ಕೊಟ್ಟು ಅದರಲ್ಲಿ ತಂದುಕೊಡಿ ಎಂದರು, ಛೀ, ಅದನ್ನು ಕರಿಯ ಚೀಲದೊಳಗೆ ಇನ್ನೊಂದು ಚೀಲ, ಅದರೊಳಗೆ ಮತ್ತೊಂದು ಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ತಂದದ್ದು, ಪಕ್ಕದಲ್ಲಿ ಕೂತವನು ಮೂಗು ಸಿಂಡರಿಸಿದಾಗಲೆಲ್ಲ ಎದೆ ಧಸಕ್ಕೆಂದದ್ದು, ಎಲ್ಲ ಸರಿಯಿದೆ, ಎಂದಳು ಕೊನೆಗೆ, ಎಲ್ಲ ಸರಿಯಿದ್ದ ಮೇಲೆ ಇವಳೇಕೆ, ಆಸ್ಪತ್ರೆಯೇಕೆ, ಸಿಟ್ಟು ನೆತ್ತಿಗೇರಿತು, ಏನಾದರೂ ಒಂದು ಗಂಟೋ ಹುಣ್ಣೋ ಸಿಗುತ್ತದೆ, ಕತ್ತರಿಸಿ ಬಿಸಾಡುತ್ತಾರೆ ಎಂದುಕೊಂಡಿದ್ದ — ಎಲ್ಲ ಸರಿಯಿದೆ ಅಂದ್ರೆ ನಿಮಗೆ ನೋವಿಲ್ಲ ಅಂತ ಅಲ್ಲ, ನೋವು ನಿಜ, ಎಂದಳು, ಇದಕ್ಕೊಂದು ಹೆಸರಿದೆ, ಐಬಿಎಸ್ ಅಂತೀವಿ, ಕೆರಳಿದ ಕರುಳು, ಕರುಳಿಗೂ ಮೆದುಳಿಗೂ ನಡುವೆ ಮಾತುಕತೆ ಕೆಟ್ಟಿದೆ ಅಷ್ಟೇ, ಜೀವಕ್ಕೇನೂ ಅಪಾಯ ಇಲ್ಲ. ಅಷ್ಟೇ! ಮಾತುಕತೆ ಕೆಟ್ಟಿದೆಯಂತೆ, ಆಸ್ತಿ ಪಾಲಾದ ಅಣ್ಣತಮ್ಮಂದಿರೇ ಅವು, ಕೂರಿಸಿ ರಾಜಿ ಮಾಡಿಸಲು, ಇಷ್ಟು ಓದಿ ಇಷ್ಟೇ ಕಲಿತದ್ದು, ಅವನು ಮುಖ ಗಂಟುಹಾಕಿಕೊಂಡು ಕೂತ, ಅವಳು ಲೆಕ್ಕಿಸಲಿಲ್ಲ, ಬೆಳಗ್ಗೆ ತಿಂಡಿ ಬಿಡಬೇಡಿ, ಹೊತ್ತಿಗೆ ಸರಿಯಾಗಿ ಸ್ವಲ್ಪ ಸ್ವಲ್ಪ ತಿನ್ನಿ, ಈರುಳ್ಳಿ ಬೆಳ್ಳುಳ್ಳಿ ಗೋಧಿ ಹಾಲು ಒಂದಿಷ್ಟು ವಾರ ಬಿಟ್ಟು ನೋಡಿ, ಆಮೇಲೆ ಒಂದೊಂದೇ ವಾಪಸ್ ತರೋಣ, ಯಾವುದು ಕೆರಳಿಸುತ್ತೆ ಗೊತ್ತಾಗುತ್ತೆ.

ಮನೆಯಲ್ಲಿ ಅದೊಂದು ದೊಡ್ಡ ರಾಮಾಯಣವೇ ಆಯಿತು. ಈರುಳ್ಳಿ ಇಲ್ದೆ ಏನ್ ಮಾಡ್ಲಿ ರೀ, ಎಂದು ಹೆಂಡತಿ ಒಲೆಯ ಮುಂದೆ ಕೈ ಕಟ್ಟಿಕೊಂಡು ನಿಂತಳು, ಯಾರೋ ಸತ್ತ ಮನೆಯಲ್ಲಿ ನಿಂತ ಹಾಗೆ, ಮಾಡಿದ್ದು ಯಾವುದಕ್ಕೂ ರುಚಿಯಿಲ್ಲ, ಅವಳ ತಮ್ಮ, ಅದೇ ಅವನ ಭಾವಮೈದುನ, ಇವರ ಮನೆಯಲ್ಲೇ ಉಣ್ಣುವವನು, ಆ ರುಚಿಯಿಲ್ಲದ್ದನ್ನೂ ಚಪ್ಪರಿಸಿಕೊಂಡು ಉಂಡ, ಚೆನ್ನಾಗಿದೆ ಅಕ್ಕ, ಹಗುರಾಗಿದೆ, ಭಾವನ ನೆಪದಲ್ಲಿ ನನ್ ಹೊಟ್ಟೆನೂ ಕರಗುತ್ತೆ ಅಂದ, ಅವನಿಗೆ ಯಾವುದು ಚೆನ್ನಾಗಿಲ್ಲ, ಮಳೆ ಬಂದರೂ ಚೆನ್ನಾಗಿದೆ, ಸಂಬಳ ತಡವಾದರೂ ಬರುತ್ತೆ ಬಿಡಿ ಭಾವ, ಮೂವತ್ತು ದಾಟಿದ ಗಂಡಸು, ಎರಡು ಅಂಗಡಿಯಲ್ಲಿ ನಿಲ್ಲಲಾರದೆ ಬಂದವನು, ಹೆಂಡತಿ ಕಣ್ಣೀರು ಹಾಕಿದ್ದಕ್ಕೆ ಇವನೇ ಮೇಸ್ತ್ರಿಗೆ ಹೇಳಿ ಸಿಗ್ನಲ್ ಕೊಡುವ ಕೆಲಸಕ್ಕೆ ಹಾಕಿಸಿದ್ದು, ಕ್ರೇನಿನ ಕೆಳಗೆ ನಿಂತು ವಾಕಿಟಾಕಿಯಲ್ಲಿ ಎಡಕ್ಕೆ ಬಲಕ್ಕೆ ಇಳಿಸಿ ನಿಲ್ಸಿ ಎಂದು ಹೇಳುವುದು, ಅಷ್ಟು ಮಾತಾಡುವವನಿಗೆ ತಕ್ಕ ಕೆಲಸ, ಆದರೆ ಎಡ ಬಲದ ನಡುವೆಯೂ ಹರಟೆ, ಮೇಲೆ ಗಾಳಿ ಹೇಗಿದೆ ಭಾವ, ಕೆರೆ ಕಾಣುತ್ತಾ ಭಾವ, ಇವನು ಉತ್ತರ ಕೊಡುವುದಿಲ್ಲ, ಬದಲಿಗೆ ಬೇಸರವಾದಾಗ ಕೊಕ್ಕೆಯನ್ನು ಮೆಲ್ಲಗೆ ಯಾವುದಾದರೊಂದು ಹೆಲ್ಮೆಟ್ಟಿನ ಪಕ್ಕಕ್ಕೆ ಇಳಿಸಿ ನಿಲ್ಲಿಸುತ್ತಾನೆ, ಬಿಳಿ ಹೆಲ್ಮೆಟ್ಟಾದರೆ ಇನ್ನೂ ಚೆನ್ನ, ಬೆಚ್ಚಿಬಿದ್ದು ಹಾರುತ್ತವೆ, ಮೇಲಿನಿಂದ ನೋಡಲು ಮಜಾ, ಒಮ್ಮೆ ಭಾವಮೈದುನನ ಚಹದ ಲೋಟದ ನೇರಕ್ಕೆ ಇಳಿಸಿ ನಿಲ್ಲಿಸಿದ್ದ, ಆ ಪುಣ್ಯಾತ್ಮ ಹೆದರಲೇ ಇಲ್ಲ, ಲೋಟ ಎತ್ತಿ ಕೊಕ್ಕೆಗೆ ತೋರಿಸಿ, ಕುಡಿತೀರಾ ಭಾವ, ಎಂದ. ದಡ್ಡನಿಗೆ ಹೆದರುವಷ್ಟೂ ಬುದ್ಧಿಯಿಲ್ಲ.

ಈರುಳ್ಳಿ ಬಿಟ್ಟರೂ ಪೂರ್ತಿ ಹೋಗಲಿಲ್ಲ, ಅರ್ಧ ಹೋಯಿತು, ಹಾಲು ಕುಡಿದರೆ ಕೆರಳುತ್ತದೆ ಎಂದು ಗೊತ್ತಾಯಿತು, ಉಳಿದರ್ಧಕ್ಕೆ ಡಾಕ್ಟರಮ್ಮ ಈ ಗುಳಿಗೆ ಬರೆದಳು, ಬಟಾಣಿಯ ಕಾಲುಭಾಗವೂ ಇಲ್ಲದ ಗುಳಿಗೆ, ಮೊದಲೆಲ್ಲ ಮನಸ್ಸು ಕುಗ್ಗಿದವರಿಗೆ ಕೊಡ್ತಿದ್ರು, ಇಷ್ಟು ಕಡಿಮೆ ಅಳತೆಯಲ್ಲಿ ಕೊಟ್ರೆ ಕರುಳಿನ ನರ ಸುಮ್ಮನಾಗುತ್ತೆ, ಎಂದಳು, ಅವನು ಎದ್ದೇಬಿಟ್ಟಿದ್ದ, ನನಗೇನು ಹುಚ್ಚಾ ಮೇಡಂ, ಕೂತ್ಕೊಳ್ಳಿ, ಎಂದಳು, ಹಾಗಂತ ಯಾರಂದ್ರು, ರಾತ್ರಿ ಊಟ ಆದ್ಮೇಲೆ ಒಂದೇ ಒಂದು, ಮೊದಮೊದಲು ಮಂಪರು ಬರಬಹುದು, ಗಾಡಿಗೀಡಿ ಓಡಿಸ್ತೀರಾ — ಇಲ್ಲ ಮೇಡಂ, ಬಸ್ಸಲ್ಲೇ ಓಡಾಡೋದು. ಅದೂ ಸುಳ್ಳಲ್ಲ. ಕ್ರೇನಿಗೆ ಗಾಡಿ ಎಂದು ಯಾರೂ ಹೇಳುವುದಿಲ್ಲ, ಅದು ನಿಂತಲ್ಲೇ ನಿಂತಿರುತ್ತದೆ, ಅವಳು ಕೇಳಿದ್ದಕ್ಕೆ ಅವನು ಉತ್ತರ ಕೊಟ್ಟಿದ್ದಾನೆ, ಕೇಳದೇ ಇದ್ದದ್ದಕ್ಕೆ ಅವನೇಕೆ ಹೊಣೆ. ಮತ್ತು ಗುಳಿಗೆ ಕೆಲಸ ಮಾಡಿತು, ಅದನ್ನು ಒಪ್ಪಬೇಕು, ಒಂದೆರಡು ವಾರ ಬಾಯಿ ಒಣಗಿತು, ಆಮೇಲೊಂದು ಬೆಳಗ್ಗೆ ಕ್ಯಾಬಿನ್ನಿನಲ್ಲಿ ಕೂತು ಹೊಟ್ಟೆಯ ಮೇಲೆ ಕೈಯಿಟ್ಟರೆ ಒಳಗೆ ಸದ್ದೇ ಇಲ್ಲ, ಬಾಡಿಗೆಯವರು ಖಾಲಿ ಮಾಡಿಕೊಂಡು ಹೋದ ಮನೆಯಷ್ಟು ನಿಶ್ಶಬ್ದ, ಅವನಿಗೆ ಅಳು ಬಂದಿತ್ತು, ಯಾರೂ ನೋಡಲಿಲ್ಲ, ನೋಡಲು ಅಲ್ಲಿ ಯಾರೂ ಇರುವುದಿಲ್ಲ, ಇಡೀ ದಿವಸ ಒಮ್ಮೆಯೂ ಇಳಿಯದೆ ಕೆಲಸ ಮಾಡಿದ, ಸಂಜೆ ಇಳಿದಾಗ ತಗಡಿನ ಕಕ್ಕಸಿನ ಮುಂದೆ ನಿಂತ ಪ್ಲಾಸ್ಟರಿನವರನ್ನು ದಾಟಿ ರಾಜನ ಹಾಗೆ ನಡೆದುಹೋದ. ಆದರೆ ಸ್ಲ್ಯಾಬಿನ ದಿವಸ ಬೇರೆ, ಕಾಂಕ್ರೀಟು ಸುರಿಯಲು ಶುರುವಾದ ಮೇಲೆ ನಡುವೆ ನಿಲ್ಲಿಸುವಂತಿಲ್ಲ, ಬಕೆಟ್ಟು ಏರುತ್ತಲೇ ಇಳಿಯುತ್ತಲೇ ಇರಬೇಕು, ಆ ದಿವಸ ಹೊಟ್ಟೆ ಕೈಕೊಟ್ಟರೆ ಮುಗಿಯಿತು, ಆದ್ದರಿಂದ ಸ್ಲ್ಯಾಬಿನ ದಿವಸ ಮಾತ್ರ ಅವನು ಬೆಳಗ್ಗೆಯೂ ಒಂದು ನುಂಗುತ್ತಾನೆ, ಏಣಿಯ ಬುಡದಲ್ಲಿ, ರಾತ್ರಿ ಒಂದು ಇಷ್ಟು ಮಾಡಿದರೆ ಬೆಳಗ್ಗೆ ಇನ್ನೊಂದು ಇನ್ನಷ್ಟು ಮಾಡೀತು, ಅದನ್ನು ತಿಳಿಯಲು ಡಾಕ್ಟರು ಓದಬೇಕಾಗಿಲ್ಲ. ಕೊನೆಯದೊಂದು ಅಂಗಿಯ ಜೇಬಿನಲ್ಲಿದೆ, ಕಾಗದದಲ್ಲಿ ಸುತ್ತಿಟ್ಟಿದ್ದಾನೆ, ಮಧ್ಯಾಹ್ನಕ್ಕೆ.

ಪಕ್ಕದ ಕುರ್ಚಿಯ ಮುದುಕ ಒಳಗೆ ಹೋದ, ಕರವಸ್ತ್ರವನ್ನು ಸಾಕ್ಷಿಗೆ ಹಿಡಿದುಕೊಂಡೇ ಹೋದ, ಮಂಡಿಯಮ್ಮ ಇನ್ನೂ ಫೋನಿನಲ್ಲೇ, ಬಿಸಿಲು ಕಿಟಕಿಯಿಂದ ಬಂದು ಮೊಣಕಾಲ ಮೇಲೆ ಕೂತಿದೆ, ಬೆಚ್ಚಗೆ, ಬೆಚ್ಚಗಾದರೆ ಈಗೀಗ ರೆಪ್ಪೆ ಭಾರವಾಗುತ್ತದೆ, ಮೊನ್ನೆಯೂ ಹೀಗೇ ಬಿಸಿಲಿತ್ತು, ಕ್ಯಾಬಿನ್ನಿನ ಗಾಜಿಗೆ ಬಿಸಿಲು, ಗಾಳಿಯಿಲ್ಲ, ಸ್ಲ್ಯಾಬಿನ ದಿವಸ, ಬಕೆಟ್ಟು ಏರಿತು, ಖಾಲಿಯಾಯಿತು, ಇಳಿಯಿತು, ತುಂಬಿತು, ಏರಿತು, ಮಗುವಿಗೆ ತೊಟ್ಟಿಲು ತೂಗುವುದೂ ಇಷ್ಟೇ ತಾನೇ — ಕ್ರೇನು ನಡೆಸುವ ಹಿಡಿಯಲ್ಲಿ ಒಂದು ಗುಂಡಿಯಿದೆ, ಅದನ್ನು ಅಂಗೈಯಿಂದ ಒತ್ತಿ ಹಿಡಿದಿದ್ದರೆ ಮಾತ್ರ ಕ್ರೇನು ಅಲುಗಾಡುತ್ತದೆ, ಕೈ ಸಡಿಲಾದರೆ ನಿಲ್ಲುತ್ತದೆ, ಕೂತವನಿಗೆ ಏನಾದರೂ ಆದರೆ ಎಂದು ಇಟ್ಟದ್ದಂತೆ, ದಿನವಿಡೀ ಒತ್ತಿ ಹಿಡಿದರೆ ಅಂಗೈ ಮರಗಟ್ಟುತ್ತದೆ ಎಂಬುದು ಅದನ್ನಿಟ್ಟ ಜಾಣನಿಗೆ ಏನು ಗೊತ್ತು, ಕ್ರೇನಿನವರೆಲ್ಲ ಮಾಡುವಂತೆ ಅವನೂ ಅದಕ್ಕೆ ಸೈಕಲ್ ಟ್ಯೂಬಿನ ಪಟ್ಟಿ ಬಿಗಿದು ಕಟ್ಟಿ ಒತ್ತಿಟ್ಟಿದ್ದಾನೆ, ಇಂಜಿನಿಯರು ಹತ್ತುವ ದಿವಸ ಬಿಚ್ಚಿಡುತ್ತಾನೆ, ಇಂಜಿನಿಯರು ಹತ್ತುವುದೇ ಇಲ್ಲ. ಅದು ನಿದ್ದೆಯಲ್ಲ. ನಿದ್ದೆ ಎನ್ನಲಾಗದು. ಬಕೆಟ್ಟು ಇಳಿಯುತ್ತಿತ್ತು, ಅವನು ನೋಡುತ್ತಿದ್ದ, ಆಮೇಲೆ ನೋಡುತ್ತಿರಲಿಲ್ಲ, ಕೈಯ ಭಾರ ಹಿಡಿಯ ಮೇಲೆ ಬಿದ್ದಿತ್ತು, ಎಲ್ಲೋ ದೂರದಲ್ಲಿ ಯಾರೋ ಭಾವ ಭಾವ ಎನ್ನುತ್ತಿದ್ದರು, ಊಟಕ್ಕೆ ಎಬ್ಬಿಸುತ್ತಿದ್ದಾರೆ, ಏಳುತ್ತೇನೆ ಇರಿ ಎಂದುಕೊಂಡ, ನಿಲ್ಸಿ ಭಾವ, ನಿಲ್ಸಿ ನಿಲ್ಸಿ, ಅವನು ಹಿಡಿಯನ್ನು ಎಳೆದ, ಕ್ರೇನಿನ ಇಡೀ ತೋಳು ಕುಲುಕಿತು, ಕೆಳಗೆ ಕಾಂಕ್ರೀಟು ತುಂಬಿದ ಬಕೆಟ್ಟು ಒಂದು ಹಳದಿ ಹೆಲ್ಮೆಟ್ಟಿನ ಮೇಲೆ, ಹೆಲ್ಮೆಟ್ಟು ಕಾಣುತ್ತಿಲ್ಲ, ಬಕೆಟ್ಟೇ ಕಾಣುತ್ತಿದೆ, ಅದರಡಿಗೆ ಹೆಲ್ಮೆಟ್ಟು ಹೋಗಿದೆ, ಬಕೆಟ್ಟು ಒಂದು ಸಲ ಆಚೆ ತೂಗಿತು, ಆಗ ಕಾಣಿಸಿತು — ಮುಖ. ಹಿಂದಕ್ಕೆ ವಾಲಿದ ಹೆಲ್ಮೆಟ್ಟಿನ ಕೆಳಗೆ ಮೇಲೆತ್ತಿದ ಮುಖ, ನಗುತ್ತಿರುವ ಮುಖ, ಅದರ ಪಕ್ಕ ಎತ್ತಿ ಹಿಡಿದ ಹೆಬ್ಬೆರಳು. ಬಕೆಟ್ಟು ಈಚೆ ತೂಗಿತು, ಮುಖ ಮುಚ್ಚಿತು.

ಕೈಚಳಕ ಎಂದುಕೊಂಡಿದ್ದಾನೆ ಭಾವಮೈದುನ! ವಾಕಿಟಾಕಿಯಲ್ಲಿ, ಏನ್ ಕೈ ಭಾವ ನಿಮ್ದು, ಟೋಪಿ ಇಟ್ಟ ಹಾಗೆ ಇಡ್ತಿದ್ರಲ್ಲ, ನಾನೂ ಒಂದ್ ಗಳಿಗೆ ಹೆದರಿಬಿಟ್ಟೆ, ಎಂದ, ನಗುತ್ತಲೇ, ಉಸಿರು ಸಿಕ್ಕಿಹಾಕಿಕೊಂಡ ನಗು, ಇವನು ಬಕೆಟ್ಟನ್ನು ಮೇಲೆತ್ತಿ ಪಕ್ಕಕ್ಕೆ ಸರಿಸಿದ, ಹೊಟ್ಟೆ ಹಿಂಡಲಿಲ್ಲ, ವರ್ಷಾನುಗಟ್ಟಲೆ ಸುಮ್ಮಸುಮ್ಮನೆ ಕಿರುಚಿದ ಕರುಳು ಕಿರುಚಬೇಕಾದ ಆ ಒಂದು ಗಳಿಗೆಯಲ್ಲಿ ತೆಪ್ಪಗೆ ಬಿದ್ದಿತ್ತು. ಸಂಜೆ ಊಟಕ್ಕೆ ಕೂತಾಗ ಆ ಮಂಗ ಅಕ್ಕನಿಗೆ ಅಭಿನಯ ಮಾಡಿ ತೋರಿಸಿದ, ತಟ್ಟೆಯನ್ನೇ ತಲೆಯ ಮೇಲೆ ಹಿಡಿದುಕೊಂಡು, ಇಷ್ಟೇ ಇತ್ತು ಅಕ್ಕ, ಇಷ್ಟೇ, ಬೇರೆ ಯಾರಾದ್ರೂ ಆಗಿದ್ರೆ ನಾನು ಓಡಿಬಿಡ್ತಿದ್ದೆ, ಮೇಲಿರೋದು ಭಾವ ಅಂತ ಗೊತ್ತಲ್ಲ, ಅದಕ್ಕೆ ನಿಂತೇ ಇದ್ದೆ. ನಿಂತೇ ಇದ್ದೆ! ಹೆಂಡತಿ ಗಂಡನ ಮುಖ ನೋಡಿದಳು, ಇಂಥ ಹುಡುಗಾಟ ಬೇಡ ರೀ, ಇರೋದು ಒಬ್ಬ ತಮ್ಮ, ಎಂದಳು, ಮೆಚ್ಚುಗೆಯೂ ಇತ್ತು ಆ ದನಿಯಲ್ಲಿ, ಅವನು ಅನ್ನ ಕಲಸುತ್ತ ಹುಂ ಎಂದ, ಎದ್ದು ಆ ಭಾವಮೈದುನನ ಕಪಾಳಕ್ಕೆ ಬಾರಿಸಬೇಕೆನಿಸಿತು, ಓಡಬೇಕಿತ್ತು ಕಣೋ ಬೋದಾಳ, ಮೇಲಿರೋನು ಯಾರೇ ಆಗಲಿ ಓಡಬೇಕು, ನಂಬಿ ನಿಂತ್ಕೋತಾರೇನೋ, ಯಾವ ಕೆಲಸದಲ್ಲಿ ಯಾರನ್ನ ನಂಬಿ ನಿಲ್ಲಬೇಕು ಅಂತ ಗೊತ್ತಿಲ್ಲದ ನಿನ್ನಂಥವನು — ನಿನ್ನಂಥವನು — ಮುಂದಕ್ಕೆ ಬೈಗುಳ ಬರಲಿಲ್ಲ, ಅವನಿಗೆ ಬೈಗುಳಕ್ಕೆ ಬರ ಬಂದದ್ದು ಅದೇ ಮೊದಲು. ಅವತ್ತಿನಿಂದ ಯಾರನ್ನಾದರೂ ಬೈಯುತ್ತಿರುವಾಗ ಒಮ್ಮೊಮ್ಮೆ ಬಕೆಟ್ಟು ಆಚೆ ತೂಗುತ್ತದೆ, ಆ ಮುಖ ಕಾಣುತ್ತದೆ, ಹೆಬ್ಬೆರಳು.

ಹೆಸರು ಕೂಗಿದರು, ಎದ್ದ. ಒಳಗೆ ಡಾಕ್ಟರಮ್ಮ ಕಂಪ್ಯೂಟರಿನಿಂದ ಮುಖ ತಿರುಗಿಸಿ, ಬನ್ನಿ ಬನ್ನಿ, ಹೇಗಿದೆ ಹೊಟ್ಟೆ, ಎಂದಳು, ಮೇಜಿನ ಮೇಲೆ ಅರ್ಧ ಕುಡಿದಿಟ್ಟ ಕಾಫಿಗೆ ಕೆನೆ ಕಟ್ಟಿದೆ, ರಕ್ತದೊತ್ತಡದ ಪಟ್ಟಿ ಬಿಚ್ಚಿದಂತೆಯೇ ಬಿದ್ದಿದೆ, ತನ್ನ ಮೇಜನ್ನೇ ನೇರ ಇಟ್ಟುಕೊಳ್ಳಲಾರದವಳು ಊರವರ ಕರುಳು ನೇರ ಮಾಡುತ್ತಾಳೆ, ಪರವಾಗಿಲ್ಲ ಮೇಡಂ, ಎಂದ, ನೋವು, ಇಲ್ಲ, ಓಡೋದು, ಇಲ್ಲ, ತಿಂಡಿ ತಿಂತಿದ್ದೀರಾ, ಹುಂ, ನೋಡಿ ನಾನ್ ಹೇಳ್ಲಿಲ್ವಾ, ಎಂದು ಮುಖ ಅರಳಿಸಿದಳು, ಬಹುಮಾನ ಬಂದ ಶಾಲೆಯ ಹುಡುಗಿ, ಎಷ್ಟೋ ಜನಕ್ಕೆ ಬರೀ ಅರ್ಥ ಆದ್ರೇನೇ ಅರ್ಧ ವಾಸಿ, ಎಂದು ಇನ್ನೇನೋ ಹೇಳುತ್ತ ಪರದೆ ನೋಡಿದವಳು ಮಾತು ನಿಲ್ಲಿಸಿದಳು. ಗುಳಿಗೆ ಇನ್ನೂ ಇರಬೇಕಿತ್ತಲ್ಲ, ಎಂದಳು. ಅವನ ಕೈ ತಾನಾಗಿ ಜೇಬು ಮುಟ್ಟಿಕೊಂಡಿತು. ಒಂದಿಷ್ಟು ಬಚ್ಚಲಿಗೆ ಬಿದ್ದುಹೋಯ್ತು ಮೇಡಂ. ಓಹೋ, ಎಂದಳು, ನಂಬಿದಳೋ ಇಲ್ಲವೋ, ಕುರ್ಚಿಯನ್ನು ಅವನ ಕಡೆಗೆ ಪೂರ್ತಿ ತಿರುಗಿಸಿದಳು, ಈಗ ಇಬ್ಬರ ಮೊಣಕಾಲ ನಡುವೆ ಒಂದು ಮೊಳವೂ ಇಲ್ಲ, ಇಷ್ಟು ಹತ್ತಿರ ಬೇಡ ಎಂದುಕೊಂಡ, ಒಂದ್ ಮಾತು ಕೇಳ್ತೀನಿ, ಎಂದಳು, ಯೋಚನೆ ಮಾಡಿ ಹೇಳಿ, ಇದು ಮುಖ್ಯ, ಹಗಲೊತ್ತು ಮಂಪರು ಬರುತ್ತಾ, ಲೆಕ್ಕ ಬರಿಯೋವಾಗ ತೂಕಡಿಕೆ ಗೀಕಡಿಕೆ.

ಇಲ್ಲ ಎನ್ನಬೇಕು. ಎಷ್ಟು ಸಣ್ಣ ಮಾತು, ಇಷ್ಟು ಹೊತ್ತು ಹೇಳಿಕೊಂಡೇ ಬಂದದ್ದು, ಇಲ್ಲ ಎಂದರೆ ಗುಳಿಗೆ ಬರೆಯುತ್ತಾಳೆ, ಬಸ್ಸು ಹಿಡಿಯುತ್ತಾನೆ, ಏಣಿಯ ಬುಡದಲ್ಲಿ ಕಾಗದ ಬಿಚ್ಚುತ್ತಾನೆ, ಮೇಲಕ್ಕೆ, ಗಾಜಿನೊಳಕ್ಕೆ, ಮುಖಗಳಿಲ್ಲದಲ್ಲಿಗೆ — ಹೌದು ಎಂದರೆ ಅದು ಗೇಟು, ಸ್ಟೂಲು, ಒರೆಸುವ ಬಟ್ಟೆ, ನಮಸ್ಕಾರ ಸಾರ್, ಇಲ್ಲವೇ ಗುಳಿಗೆ ಬಿಟ್ಟು ಮತ್ತೆ ಆ ಹಿಂಡು, ಆ ಕಟ್ಟೆಗಳು, ಹಲ್ಲು ಕಾಣಿಸುವ ಪ್ಲಾಸ್ಟರಿನವರು, ಬೇರೆ ಏನಾದರೂ ದಾರಿ ಇದ್ದೀತು, ಇವಳನ್ನು ಕೇಳಿದರೆ ಹೇಳಿಯಾಳು, ಇವಳಿಗೇನು ಗೊತ್ತು, ಕಾಫಿಗೆ ಕೆನೆ ಕಟ್ಟಿಸುವವಳು, ಮಗಳ ವಯಸ್ಸಿನವಳು, ಗಟ್ಟಿನಾ ನೀರಾ ಎಂದು — ಬಕೆಟ್ಟು ಆಚೆ ತೂಗಿತು, ಮುಖ. ಮಧ್ಯಾಹ್ನವೂ ಅವನೇ ನಿಲ್ಲುತ್ತಾನೆ ಕೆಳಗೆ, ಓಡುವುದಿಲ್ಲ, ಭಾವ ಎಂದು ನಿಂತೇ ಇರುತ್ತಾನೆ, ಆ ಮಂಗ, ಆ ದಡ್ಡ, ಆ — ಮುಖ. ಹೇಳಿ, ಎಂದಳು ಡಾಕ್ಟರಮ್ಮ, ಅವಸರವಿಲ್ಲದೆ. ಮೇಡಂ, ಎಂದ, ನಾನು ಲೆಕ್ಕ ಬರಿಯೋನಲ್ಲ. ಮತ್ತೆ? ಮೇಲೆ ಕೂರ್ತೀನಿ ಮೇಡಂ, ಎಂದ. ಎಲ್ಲಿ ಮೇಲೆ, ಎಂದಳು, ಅವಳ ಕೈ ಮೇಜಿನ ಮೇಲೆ ಹಾಗೇ ನಿಂತಿತು, ಕ್ರೇನಿನ ಮೇಲೆ ಎನ್ನಬೇಕು, ಹಗಲೂ ನುಂಗಿದೆ ಎನ್ನಬೇಕು, ನಿದ್ದೆ ಬಂತು ಎನ್ನಬೇಕು, ಕೆಳಗೆ ನನ್ನ ಹೆಂಡತಿಯ ತಮ್ಮ ನಿಂತಿದ್ದ ಎನ್ನಬೇಕು, ಬಾಯಿ ತೆರೆದಿದೆ, ಬಕೆಟ್ಟು ಆಚೆಯೂ ತೂಗುತ್ತಿಲ್ಲ ಈಚೆಯೂ ತೂಗುತ್ತಿಲ್ಲ, ನಿಂತುಬಿಟ್ಟಿದೆ, ಅದರ ಅಂಚಿನಲ್ಲಿ ಹಿಂದಕ್ಕೆ ವಾಲಿದ ಹಳದಿ ಹೆಲ್ಮೆಟ್ಟು, ಮೇಲೆತ್ತಿದ ಮುಖ, ನಗು, ಹೆಬ್ಬೆರಳು, ಮುಖ, ಹೆಬ್ಬೆರಳು